ಮಂಡಕ್ಕಿ ಭಟ್ಟಿಯ ಎಚ್ಚರಿಕೆ ಚೀಟಿ

ಶಿವ ಕೊಟ್ಟರೆ ಧಾರಾಳವಾಗೇ ಕೊಡ್ತಾನೆ ನೋಡಿ. ಕೊಟ್ರವ್ವನಿಗೆ ಮಂಡಕ್ಕಿ ಭಟ್ಟಿ ಕೊಟ್ಟ, ಭಟ್ಟಿಗೆ ದ್ಯಾಮಣ್ಣ ಅನ್ನೋ ಹಳೇ ಆಳು ಕೊಟ್ಟ, ಸಾಲದು ಅಂತ ಮರುಳಸಿದ್ದ ಅನ್ನೋ ಮಗನನ್ನೂ ಕೊಟ್ಟ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ. ಅವ್ವನ ಸಂಕಟವೇ ಅದು.

"ಈ ದ್ಯಾಮಣ್ಣ ಇನ್ನೊಂದು ದಿನ ತಡ ಮಾಡಿದರೆ ಕೆಲಸದಿಂದ ತೆಗೆದುಹಾಕು!" ಅಂದಳು ಅವ್ವ, ಸಿಟ್ಟಿನಲ್ಲಿ. ಮರುದಿನ ತಡವಾಯಿತು. ಸಿದ್ದ ತೆಗೆದೇ ಹಾಕಿದ.

"ಅಯ್ಯೋ ಶಿವನೇ! ಒಲೆಗೆ ಹೊಟ್ಟು ತರೋಕೆ ನಾನೇ ಕಳಿಸಿದ್ದೆ ಕಣೋ! ಮೂರು ಹೆಣ್ಣುಮಕ್ಕಳ ತಂದೆ. ಅವನ ತುತ್ತು ಕಿತ್ಕೊಂಡರೆ ಬಸವಣ್ಣ ಮೆಚ್ಚಾನೇನೋ? ಹಂಗೆಲ್ಲ ತೆಗಿಯಂಗಿಲ್ಲ, ಕಾನೂನು ಐತೆ. ತಪ್ಪು ಕಂಡರೆ ಮೊದಲು ಚೀಟಿ ಬರೆದು ಕೈಗೆ ಕೊಡು!"

"ಆಗ್ಲವ್ವಾ."

ದ್ಯಾಮಣ್ಣನನ್ನು ಮತ್ತೆ ಕರೆಸಿದರು. ಮರುದಿನ ಅವನು ಒಲೆ ಮುಂದೆ ತೂಕಡಿಸಿದ. ಬಾಣಲೆಯಲ್ಲಿ ಅಕ್ಕಿ ಕರ್ರಗಾಗುತ್ತಿದೆ. ಸಿದ್ದ ಕೂಗಲಿಲ್ಲ, ಎಬ್ಬಿಸಲಿಲ್ಲ. ಪೆನ್ನು ಹುಡುಕಿದ, ಕಾಗದ ಹುಡುಕಿದ, ಮೇಲೆ 'ಶ್ರೀ' ಬರೆದ, ತಾರೀಖು ಬರೆದ. ಚೀಟಿ ಕೈಗೆ ಕೊಡುವ ಹೊತ್ತಿಗೆ ಅಕ್ಕಿ ಇದ್ದಿಲು!

"ಬಾಯಿಲ್ಲವೇನೋ ನಿನಗೆ? ಯಾಕೆ ಹಿಂಗೆ ಮಾಡಿದೆ ಅಂತ ಮೊದಲು ಕೇಳು! ಉತ್ತರ ಬರೋತನಕ ಕಾಯಿ!"

"ಆಗ್ಲವ್ವಾ."

ಮರುದಿನ ಬಸವಣ್ಣನ ಗುಡಿಗೆ ಬಿಟ್ಟ ಗೂಳಿ ಭಟ್ಟಿಗೆ ನುಗ್ಗಿ ಮಂಡಕ್ಕಿ ಮುಕ್ಕತೊಡಗಿತು. ಸಿದ್ದ ಕೈಮುಗಿದು ಕೇಳಿದ, "ಯಾಕಪ್ಪಾ ಹಿಂಗೆ ಮಾಡಿದೆ?" ಉತ್ತರವಿಲ್ಲ. ಕಾದ. ಒಂದು ಚೀಲ ಮುಗಿಯಿತು. ಕಾದ. ಎರಡನೆಯದೂ ಮುಗಿಯಿತು! ಓಡಿಸಲು ಬಂದ ಕೊಟ್ರವ್ವ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಳು.

"ಹೋಗಲಿ, ಬಸವಣ್ಣ ತಿಂದರೆ ನೈವೇದ್ಯ ಆಯ್ತು," ಅಂತ ನರಳಿದಳು. "ಮಗನೇ, ಇದೆಲ್ಲ ದನಕ್ಕಲ್ಲ, ಭಟ್ಟಿಯಲ್ಲಿ ದುಡಿಯೋ ಜನಕ್ಕೆ. ಕೆಲಸ ತಪ್ಪಿಸಿದರೆ ದಿನಕ್ಕೊಂದು ಚೀಟಿ. ಮೂರಾದರೂ ಬರಲಿಲ್ಲ ಅಂದ್ರೆ ತೆಗಿ. ನಮ್ಮೋರು ತಮ್ಮೋರು ಅನ್ನಬೇಡ, ದೇವರ ಕಣ್ಣಿಗೆ ಎಲ್ಲರೂ ಒಂದೇ!"

"ಆಗ್ಲವ್ವಾ!"

ಮೂರು ದಿನ ಕೊಟ್ರವ್ವ ಹಾಸಿಗೆ ಬಿಟ್ಟು ಏಳಲಿಲ್ಲ. ದಿನಾ ಬೆಳಗ್ಗೆ ಸಿದ್ದ ಒಂದು ಚೀಟಿ ಕೈಗಿಟ್ಟು ಹೋಗುವನು. ಕನ್ನಡಕ ಭಟ್ಟಿಯಲ್ಲೇ ಉಳಿದಿತ್ತು. ದ್ಯಾಮಣ್ಣನಿಗೆ ಕೊಟ್ಟ ಚೀಟಿಯ ನಕಲು ಇರಬೇಕೆಂದುಕೊಂಡು ಅವಳು ದಿಂಬಿನಡಿ ಇಟ್ಟಳು. "ತಂದೇ, ಆ ಬಡವನ ಅನ್ನ ಕಾಪಾಡು," ಅಂತ ಬೇಡಿಕೊಂಡಳು.

ನಾಲ್ಕನೇ ದಿನ ಸಿದ್ದ ದೊಡ್ಡ ಕಾಗದ ಹಿಡಿದು ಬಂದ. ಹಿಂದೆ ದ್ಯಾಮಣ್ಣ, ಬಾಯಿಗೆ ಟವೆಲು ಒತ್ತಿಕೊಂಡು ನಗು ತಡೆಯುತ್ತಿದ್ದಾನೆ.

"ಏನೋ ಇದು?"

"ಮೂರು ದಿನ ಕೆಲಸಕ್ಕೆ ಬರಲಿಲ್ಲ ನೀನು. ಮೂರು ಚೀಟಿ ಕೊಟ್ಟೆ, ಉತ್ತರ ಇಲ್ಲ. ನಿನ್ನನ್ನ ಕೆಲಸದಿಂದ ತೆಗೆದಿದೀನಿ ಅವ್ವಾ. ಯಜಮಾನಿ ಸಹಿ ಬೇಕು, ಇಲ್ಲಿ ಹಾಕು."

ಕೊಟ್ರವ್ವ ಹಣೆ ಚಚ್ಚಿಕೊಂಡಳು. ಚಚ್ಚಿಕೊಳ್ಳುತ್ತಲೇ ನಕ್ಕಳು. "ಯಜಮಾನಿಯೇ ಹೋದರೆ ದ್ಯಾಮಣ್ಣನ್ನ ತೆಗೆಯೋರು ಯಾರೋ?"

"ಯಾರೂ ಇಲ್ಲ ಕೊಟ್ರಕ್ಕಾ! ಬಸವಣ್ಣ ದೊಡ್ಡೋನು!" ಅಂದ ದ್ಯಾಮಣ್ಣ.

ಸಿದ್ದ ತಲೆ ಕೆರೆದುಕೊಂಡ. "ಅದೂ ಹೌದು... ಅವ್ವಾ, ಈಗ ಸಹಿ ಹಾಕು. ಆಮೇಲೆ ಕೆಲಸ ಬೇಕು ಅಂತ ಒಂದು ಅರ್ಜಿ ಬರ್ಕೊಡು, ನೋಡೋಣ!"