ಬಾಗಿಲ ಹಿಂದಿನ ಗಂಟು

"ಗುರುಗಳೇ, ಹೊಳೆ ಏರಿದರೆ ಬೇಕಾದೀತು ಎಂದು ಮನೆಯಲ್ಲಿ ಒಂದು ಗಂಟು ಕಟ್ಟಿಟ್ಟಿದ್ದೇನೆ. ಓಣಿಯವರು ಆಡಿಕೊಂಡು ನಗುತ್ತಾರೆ. ಬಿಚ್ಚಿಬಿಡಲೇ?" ಎಂದು ಸಂಸಾರಸ್ಥನಾದ ಒಬ್ಬ ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಹೊಳೆದಂಡೆಯ ಊರಲ್ಲಿ ಒಬ್ಬ ನೇಕಾರ ಇದ್ದ. ಮನೆಯಲ್ಲಿ ಮುದಿತಾಯಿ, ಹೆಂಡತಿ, ಒಂದು ಕೂಸು. ಹಿಂದೊಮ್ಮೆ ಹೊಳೆ ಅಂಗಳದವರೆಗೆ ಬಂದು ಹೋದದ್ದನ್ನು ಊರು ಮರೆತಿತ್ತು. ನೇಕಾರನ ಹೆಂಡತಿ ಮರೆತಿರಲಿಲ್ಲ. ಅವಲಕ್ಕಿ, ಬೆಲ್ಲ, ಮೇಣ ಸವರಿದ ಬಟ್ಟೆಯಲ್ಲಿ ಸುತ್ತಿದ ಬೆಂಕಿಪೆಟ್ಟಿಗೆ, ಒಂದು ಕಂಬಳಿ, ಕೂಸಿಗೆ ತೇಯುವ ಬಜೆ, ಹೀಗೆ ಒಂದೊಂದೇ ಕೂಡಿಸಿ ಗಂಟು ಕಟ್ಟಿ ಬಾಗಿಲ ಹಿಂದಿನ ಗೂಟಕ್ಕೆ ತೂಗುಹಾಕಿದಳು. ಅಮಾವಾಸ್ಯೆಗೊಮ್ಮೆ ಇಳಿಸಿ ಹಳೆಯ ಅವಲಕ್ಕಿ ತೆಗೆದು ಹೊಸದು ತುಂಬುವಳು. ಅದು ಯಾತಕ್ಕೆಂದು ಗಂಡನಿಗೆ ಹೇಳಿರಲಿಲ್ಲ. ಹೇಳಿದ್ದರೆ ಕೇಡು ನುಡಿಯಬೇಡ ಎಂದು ಬಯ್ಯುತ್ತಿದ್ದ.

ಒಂದು ದಿನ ನೀರಿಗೆ ಹೋದವಳು ಅಂಬಿಗನನ್ನು, "ಹೊಳೆ ಏರಿದರೆ ದೋಣಿ ಎಲ್ಲಿಗೆ ತರುತ್ತೀಯಣ್ಣ?" ಎಂದು ಕೇಳಿದಳು. ಅದು ಪಕ್ಕದ ಮನೆಯವಳ ಕಿವಿಗೆ ಬಿತ್ತು. ಅವಳು ಕೆಂಡ ಕೇಳುವ ನೆಪ ಮಾಡಿ ಬಂದು ಗಂಟನ್ನೂ ನೋಡಿಕೊಂಡು ಹೋದಳು. ಊರ ಬಾಯಿಗೆ ಅಷ್ಟು ಸಾಕಲ್ಲ! ಮಧ್ಯಾಹ್ನದ ಹೊತ್ತಿಗೆ ನೇಕಾರನ ಹೆಂಡತಿ ಅಂಬಿಗನ ಸಂಗಡ ಓಡಿಹೋಗಲು ಗಂಟು ಕಟ್ಟಿದ್ದಳು. ಕೂಸಿನ ಮೂಗು ಅಂಬಿಗನದೇ ಎಂದು ಇನ್ನೊಬ್ಬಳು ಸೇರಿಸಿದಳು. ಮುದುಕ ಅಂಬಿಗನ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಆದರೇನು, ಕತೆಗೆ ಇತ್ತು.

ಸಂಜೆ ನೇಕಾರ ಗಂಟನ್ನು ಓಣಿಗೆ ಎಳೆದು ತಂದು, "ಯಾರ ಜೊತೆಗೆ ಹೊರಟಿದ್ದೀಯೇ?" ಎಂದು ಎಲ್ಲರೆದುರು ಬಿಚ್ಚಿದ. ಅವಲಕ್ಕಿ ಬಂತು, ಕಂಬಳಿ ಬಂತು. ತಳದಲ್ಲಿ ಮುದುಕಿ ಎಲೆಯಡಿಕೆ ಕುಟ್ಟುವ ಹಳೆಯ ಕುಟ್ಟಾಣಿ ಬಂತು. ಮುದುಕಿ ಅದನ್ನು ಎತ್ತಿ ಹಿಡಿದಳು. "ಮಿಂಡನ ಸಂಗಡ ಓಡುವವಳು ಅತ್ತೆಯ ಕುಟ್ಟಾಣಿ ಹೊತ್ತುಕೊಂಡು ಹೋಗುತ್ತಾಳೇನೋ, ಮುಟ್ಠಾಳ?"

ಓಣಿಯೆಲ್ಲ ನಕ್ಕಿತು. ಪಕ್ಕದ ಮನೆಯವಳು, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಒಳಗೆ ಹೋದಳು.

ನೇಕಾರನ ಮುಖ ಸಣ್ಣದಾಗಿತ್ತು. "ಇನ್ನು ಈ ಮನೆಯಲ್ಲಿ ಗಂಟು ಕಾಣಬಾರದು. ಜನ ಮತ್ತೆ ಆಡಿಕೊಂಡಾರು" ಎಂದ. ಅವಲಕ್ಕಿ ಅಂದೇ ಒಗ್ಗರಣೆ ಕಂಡಿತು. ಕಂಬಳಿ ಮಗ್ಗದ ಕುಳಿಗೆ ಹಾಸಾಯಿತು. ಬೆಂಕಿಪೆಟ್ಟಿಗೆ ಒಲೆಯ ಪಕ್ಕದ ಗೂಡಿಗೆ ಹೋಯಿತು.

ಶ್ರಾವಣದಲ್ಲಿ ಹೊಳೆ ಒಂದೇ ಏಟಿಗೆ ಏರಿತು. ಜನ ಉಟ್ಟ ಬಟ್ಟೆಯಲ್ಲಿ ಗುಡ್ಡ ಹತ್ತಿದರು. ಎರಡು ದಿನ ಮಳೆ ಬಿಡಲಿಲ್ಲ. ಗುಡ್ಡದ ಮೇಲೆ ಆಡಿಕೊಳ್ಳುವ ಬಾಯಿಗಳೆಲ್ಲ ಇದ್ದವು, ಒಣಗಿದ ಒಂದೂ ಬೆಂಕಿಕಡ್ಡಿ ಇರಲಿಲ್ಲ. ಕೂಸನ್ನು ತಾಯಿ ಎದೆಗೆ ಅವುಚಿಕೊಂಡು ಉಳಿಸಿದಳು. ಮುದುಕಿ ಮೊದಲ ದಿನ ನಡುಗಿದಳು. ಎರಡನೆಯ ದಿನ ನಡುಗುವುದೂ ನಿಂತಿತು. ಮೂರನೆಯ ಬೆಳಗ್ಗೆ ಅಂಬಿಗ ದೋಣಿ ತಂದಾಗ ನೇಕಾರ ಹೊತ್ತು ಇಳಿಸಿದ್ದು ತಾಯಿಯ ಹೆಣವನ್ನು.

ಶಿಷ್ಯ ತಡೆಯಲಾರದೆ ನುಡಿದ: "ಆ ಪಕ್ಕದ ಮನೆಯವಳ ನಾಲಿಗೆ ಸೀಳಬೇಕು ಗುರುಗಳೇ. ಮುದುಕಿಯನ್ನು ಕೊಂದವಳು ಅವಳೇ."

ಗುರುಗಳು ಹೇಳಿದರು: "ಅವಳ ಸುಳ್ಳು ಆ ಸಂಜೆಯೇ ಸತ್ತಿತ್ತಲ್ಲಪ್ಪ, ಹೊಳೆ ಬಂದದ್ದು ನಲವತ್ತು ದಿನದ ಮೇಲೆ. ಅಷ್ಟು ದಿನ ಗೂಟ ಬರಿದಾಗಿದ್ದದ್ದು ಯಾರಿಂದ?"