ಕೂಗನ್ನು ಸಾಲಿನಲ್ಲಿ ನಿಲ್ಲಿಸಿದ ನರಿ

ಒಂದು ಕಾಡಿನಲ್ಲಿ ಎಲ್ಲರಿಗೂ ಬಾಯಿ ಜೋರು. ಚಿರತೆಯ ಬಾಲದ ತುದಿ ಕಂಡರೆ ಸಾಕು, ಮರದ ಮೇಲಿನ ಮುಸುವ ಎಂಬ ಕರಿಮುಖದ ಕೋತಿ ಕೆಮ್ಮಿದ ಹಾಗೆ ಕೂಗುತ್ತಿತ್ತು. ಅದನ್ನು ಕೇಳಿ ಜಿಂಕೆಗಳು ಕೂಗುತ್ತಿದ್ದವು. ಜಿಂಕೆಗಳನ್ನು ಕೇಳಿ ನವಿಲು, ನವಿಲನ್ನು ಕೇಳಿ ಕಡವೆ. ಕಣ್ಣಾರೆ ಕಂಡವರು ಒಬ್ಬರೇ ಆದರೂ ಕೂಗುವವರು ನೂರು ಮಂದಿ. ಚಿರತೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಸುದ್ದಿ ಗುಡ್ಡ ದಾಟಿರುತ್ತಿತ್ತು.

ಇದರಲ್ಲಿ ತೊಂದರೆಯೂ ಇತ್ತು, ಇಲ್ಲವೆಂದರೆ ಸುಳ್ಳಾದೀತು. ಹರಟೆಮಲ್ಲ ಎಂಬ ಹಕ್ಕಿಗಳಿಗೆ ತರಗೆಲೆ ಸರಿದರೂ ಅದು ಚಿರತೆಯೇ. ಅವು ಕಿರುಚಿದರೆ ಇಡೀ ಕಾಡು ಮೇವು ಬಿಟ್ಟು ಓಡುತ್ತಿತ್ತು, ಆಮೇಲೆ ಬೈದುಕೊಳ್ಳುತ್ತಾ ವಾಪಸು ಬರುತ್ತಿತ್ತು. ದಿನಕ್ಕೆ ನಾಲ್ಕು ಸಲ ಇದೇ ಓಟ.

ಈ ಗದ್ದಲದಿಂದಾಗಿ ಚಿರತೆಗೆ ಮೂರು ದಿನದ ಉಪವಾಸ. ಅದು ತಿಂದು ಬಿಟ್ಟದ್ದನ್ನೇ ನೆಚ್ಚಿಕೊಂಡಿದ್ದ ಸಂಕಪ್ಪ ಎಂಬ ನರಿಗೂ ಉಪವಾಸ. ಸಂಕಪ್ಪನಿಗೆ ಬೇಟೆಯೆಂದರೆ ಸೋಮಾರಿತನ, ಯೋಜನೆ ಹಾಕುವುದೆಂದರೆ ಎಲ್ಲಿಲ್ಲದ ಹುರುಪು. ಅವನು ನೇರವಾಗಿ ಚಿರತೆಯ ಗವಿಗೆ ಹೋದ.

"ಒಡೆಯಾ, ಈ ಕಾಡಿನ ಬಾಯಿ ನಾನು ಮುಚ್ಚಿಸ್ತೀನಿ. ನೀವು ಹೊಡೆದದ್ದರಲ್ಲಿ ನನಗೊಂದು ತೊಡೆ ಕೊಟ್ಟರೆ ಸಾಕು."

"ಅಷ್ಟೊಂದು ಬಾಯಿ ಹೇಗೆ ಮುಚ್ಚಿಸ್ತೀಯೋ?" ಎಂದು ಚಿರತೆ ಆಕಳಿಸಿತು.

"ಮುಚ್ಚಿ ಅಂದರೆ ಯಾರೂ ಮುಚ್ಚಲ್ಲ ಒಡೆಯಾ. ಸುಧಾರಣೆ ಅಂದರೆ ಅವರೇ ಮುಚ್ಚಿಕೊಳ್ತಾರೆ."

ಮರುದಿನ ಮಡುವಿನ ದಡದಲ್ಲಿ ಸಂಕಪ್ಪ ಸಭೆ ಕರೆದ. "ಒಂದು ಚಿರತೆಗೆ ನೂರು ಕೂಗು. ಎಷ್ಟು ಉಸಿರು ದಂಡ, ಎಷ್ಟು ಮೇವು ದಂಡ, ಲೆಕ್ಕ ಹಾಕಿದ್ದೀರಾ? ಇನ್ನು ಮೇಲೆ ಕಂಡವರು ಕೂಗಬೇಡಿ. ಸುದ್ದಿಯನ್ನು ಅಳಿಲಿಗೆ ಹೇಳಿ ನಡುಗಾಡಿನ ಬಂಡೆಗೆ ಕಳಿಸಿ. ಅಲ್ಲಿ ನಾನಿರ್ತೀನಿ. ಸುಳ್ಳು ಸೋಸಿ, ನಿಜ ಮಾತ್ರ ಊಳಿಟ್ಟು ಹೇಳ್ತೀನಿ. ಒಂದು ಊಳು ಅಂದರೆ ಚಿರತೆ, ಎರಡು ಅಂದರೆ ಹುಲಿ, ಮೂರು ಅಂದರೆ ಕಾಡ್ಗಿಚ್ಚು. ನೂರು ಗಂಟಲಿನ ಕೆಲಸ ಒಂದೇ ಗಂಟಲಿಗೆ."

ಮೊದಲು ತಲೆದೂಗಿದ್ದು ನವಿಲು. "ಕೂಗಿ ಕೂಗಿ ನನ್ನ ಇಂಪಾದ ಧ್ವನಿಯೇ ಕೆಟ್ಟುಹೋಯ್ತು" ಎಂದಿತು. ಅದರ ಧ್ವನಿ ಹುಟ್ಟಿನಿಂದಲೂ ಹಾಗೇ ಇತ್ತು. ಯಾರೂ ಅದನ್ನು ಹೇಳಲು ಹೋಗಲಿಲ್ಲ.

ಗೌರಕ್ಕ ಎಂಬ ಜಿಂಕೆಯೂ ಒಪ್ಪಿದಳು. ಅವಳಿಗೆ ಹದಿನೈದು ದಿನದ ಮರಿ ಇತ್ತು. ಅದನ್ನು ಹುಲ್ಲಿನಲ್ಲಿ ಅಡಗಿಸಿಟ್ಟು, ದಿನಕ್ಕೆ ನಾಲ್ಕು ಸಲ ಸುಮ್ಮಸುಮ್ಮನೆ ಓಡಿ ಅವಳಿಗೆ ಸಾಕಾಗಿತ್ತು. "ಮಗೂಗೆ ಹಾಲು ಕುಡಿಸೋವಷ್ಟು ನೆಮ್ಮದಿ ಸಿಕ್ಕರೆ ಸಾಕಪ್ಪ" ಎಂದಳು.

ಮುಸುವಗಳ ಹಿರಿಯ ಕರಿಯಜ್ಜ ಮಾತ್ರ ಗೊಣಗಿದ. "ಸುದ್ದಿಯೆಲ್ಲ ನಿನ್ನ ಒಬ್ಬನ ಬಾಯಿಂದಲೇ ಬರಬೇಕು. ನೀನು ನಿದ್ದೆ ಹೋದರೆ ಏನಪ್ಪಾ ಗತಿ?"

"ಅಜ್ಜಾ, ನಿಮ್ಮ ಕಾಲ ಬೇರೆ" ಎಂದ ಸಂಕಪ್ಪ. ಎಲ್ಲರೂ ನಕ್ಕರು. ಆ ನಗುವಿನಲ್ಲೇ ಏರ್ಪಾಡು ಜಾರಿಗೆ ಬಂತು.

ಬಂಡೆಯ ಮೇಲೆ ಸಂಕಪ್ಪ ಬಹಳ ಶಿಸ್ತಿನಿಂದ ಕೂತ. ಸುದ್ದಿ ತಂದ ಅಳಿಲುಗಳೆಲ್ಲ ಸಾಲಿನಲ್ಲಿ ನಿಲ್ಲಬೇಕು. ಕಂಡವರು ಯಾರು, ಕಂಡದ್ದು ಏನು, ಎಲ್ಲಿ, ಎಷ್ಟು ಹೊತ್ತಾಯಿತು, ಅದರ ಮುಖ ಯಾವ ಕಡೆ ಇತ್ತು, ಇಷ್ಟಕ್ಕೂ ಉತ್ತರ ಕೊಡಬೇಕು. ಒಂದು ತಪ್ಪಿದರೂ ವಾಪಸು ಹೋಗಿ ಕೇಳಿಕೊಂಡು ಬರಬೇಕು, ಮತ್ತೆ ಸಾಲಿನ ತುದಿಗೆ ನಿಲ್ಲಬೇಕು.

ಮೊದಲನೆಯ ದಿನ ಒಂದು ಮೊಲ ಹೋಯಿತು. ಚಿರತೆ ಮೊಲ ತಿಂದು ಮೀಸೆ ನೆಕ್ಕಿಕೊಳ್ಳುವಾಗ ಬಂಡೆಯಿಂದ ಊಳು ಕೇಳಿಸಿತು. ಮೊಲಗಳು ಅಳುತ್ತಾ ಬಂದು ಕೇಳಿದಾಗ ಸಂಕಪ್ಪ ಸಮಾಧಾನ ಹೇಳಿದ: "ತಡವಾಯಿತು, ಒಪ್ಪುತ್ತೇನೆ. ಆದರೆ ಸುದ್ದಿಯಲ್ಲಿ ತಪ್ಪಿತ್ತಾ? ಚಿರತೆ ಅಂದೆ, ಚಿರತೆಯೇ ಬಂದಿತ್ತು. ಇವತ್ತು ಕಾಡಿನಲ್ಲಿ ಒಂದೇ ಒಂದು ಸುಳ್ಳು ಕೂಗು ಕೇಳಿದಿರಾ?"

ಕೇಳಿರಲಿಲ್ಲ, ಅದು ನಿಜವೇ. ನವಿಲು ಎಲ್ಲರಿಗಿಂತ ಮೊದಲು ಭೇಷ್ ಎಂದಿತು. ಅದರ ಮರುದಿನ ಅದರ ಹೆಂಡತಿಯೇ ಹೋದಳು. ಆಮೇಲೆ ಒಂದು ಕಡವೆಯ ಕರು. ವಾರ ಕಳೆಯುವಷ್ಟರಲ್ಲಿ ಸಂಕಪ್ಪ ಕೂತಲ್ಲೇ ತೊಡೆ ತಿಂದು ತಿಂದು ದುಂಡಗಾದ. "ಚಿಂತೆಯಿಂದ ಊದಿಕೊಂಡಿದ್ದೇನೆ" ಎಂದು ಕೇಳಿದವರಿಗೆ ಹೇಳುತ್ತಿದ್ದ.

ಒಂದು ಮಧ್ಯಾಹ್ನ ಗೌರಕ್ಕ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ನೀರಿಗೆ ಹೋಗಿದ್ದಳು. ಮತ್ತಿ ಮರದ ತುದಿಯಿಂದ ಕರಿಯಜ್ಜ ನೋಡುತ್ತಾನೆ, ಚಿರತೆ ಹೊಟ್ಟೆ ಎಳೆದುಕೊಂಡು ಅದೇ ಹುಲ್ಲಿನೊಳಗೆ ಬರುತ್ತಿದೆ. ಮರಿಗೂ ಅದಕ್ಕೂ ಮೂವತ್ತು ಮಾರು. ನಿಯಮ ನಿಯಮವೇ ಎಂದುಕೊಂಡು ಅಜ್ಜ ಪಕ್ಕದ ಅಳಿಲಮ್ಮನನ್ನು ಬಂಡೆಗೆ ಅಟ್ಟಿದ.

ಅಳಿಲಮ್ಮ ಏದುಸಿರು ಬಿಡುತ್ತಾ ವಾಪಸು ಬಂದಳು. "ಅಜ್ಜಾ, ಚಿರತೆಯ ಮುಖ ಯಾವ ಕಡೆ ಅಂತ ನೀವು ಹೇಳಿಲ್ಲವಂತೆ. ಕೇಳಿಕೊಂಡು ಬಾ ಅಂದರು."

ಆಗ ಚಿರತೆಗೂ ಮರಿಗೂ ಹತ್ತು ಮಾರು. ಕರಿಯಜ್ಜನ ಮೈ ಉರಿದುಹೋಯಿತು. "ಯಾವ ಕಡೆಯೇನು, ಕೂಸಿನ ಕಡೆ" ಎಂದವನೇ ಗಂಟಲು ಹರಿಯುವ ಹಾಗೆ ಕೂಗಿದ.

ಜಿಂಕೆಗಳು ಏನು ಮಾಡಿದವು ಗೊತ್ತೇ? ಕತ್ತೆತ್ತಿ ಬಂಡೆಯ ಕಡೆ ನೋಡುತ್ತಾ ನಿಂತವು. ಊಳು ಬಂದಿಲ್ಲವಲ್ಲ, ಓಡಬಹುದೋ ಬಾರದೋ ಎಂದು. ಒಂದು ವಾರದಲ್ಲಿ ಅವುಗಳ ಕಿವಿ ಅಷ್ಟು ಕೆಟ್ಟಿತ್ತು. ಗೌರಕ್ಕ ಮಾತ್ರ ಯಾವ ಕಡೆಯೂ ನೋಡಲಿಲ್ಲ. ಕೂಗುತ್ತಾ ಮಡುವಿನಿಂದ ಓಡಿ ಬಂದಳು. ವಾರದಿಂದ ಬಾಯಿ ಕಟ್ಟಿಕೊಂಡಿದ್ದ ಹರಟೆಮಲ್ಲಗಳಿಗೆ ಇನ್ನು ತಡೆಯಲಾಗಲಿಲ್ಲ, ಒಟ್ಟಿಗೇ ಕಿರುಚಿದವು. ಆಮೇಲೆ ಕಡವೆ, ನವಿಲು, ಎಲ್ಲವೂ. ಆ ಗದ್ದಲಕ್ಕೆ ಮರಿ ಬೆಚ್ಚಿ ನೆಗೆದು ತಾಯಿಯ ಕಡೆ ಓಡಿತು. ಚಿರತೆ ಹಾರಿದಾಗ ಅದರ ಬಾಯಿಗೆ ಸಿಕ್ಕಿದ್ದು ಒಂದು ಹಿಡಿ ಹುಲ್ಲು.

ಹುಲ್ಲು ಉಗುಳಿದ ಚಿರತೆಗೆ ಕಾಡಿನ ಮೇಲಲ್ಲ, ಸಂಕಪ್ಪನ ಮೇಲೆ ಸಿಟ್ಟು ಬಂತು. ಬಾಯಿ ಮುಚ್ಚಿಸುತ್ತೇನೆಂದು ತೊಡೆ ತಿಂದವನು ಅವನು. ಅಲ್ಲದೆ ಈಗ ಅವನು ತಿನ್ನಲು ಯೋಗ್ಯವಾಗಿಯೂ ಇದ್ದ. ಚಿರತೆ ಬಂಡೆಯ ದಾರಿ ಹಿಡಿಯಿತು.

ಕರಿಯಜ್ಜ ಅದನ್ನೂ ಕಂಡ, ಅದಕ್ಕೂ ಕೂಗಿದ. ಎಂಥವನಾದರೂ ಜೀವ ಜೀವವೇ ಎಂದು ಇಡೀ ಕಾಡೂ ಕೂಗಿತು. ಬಂಡೆಯ ಮೇಲಿದ್ದ ಸಂಕಪ್ಪ ಮುಖ ಸಿಂಡರಿಸಿದ. "ಶಿಸ್ತಿಲ್ಲದ ಜಾತಿ. ಸಾಲಿನಲ್ಲಿ ಬಾರದ ಸುದ್ದಿ ನನಗೆ ಸುದ್ದಿಯೇ ಅಲ್ಲ."

ಅಳಿಲಮ್ಮ ಓಡಿ ಬಂದಳು. "ಸ್ವಾಮೀ, ಅವಸರದ ಸುದ್ದಿ."

"ಎಲ್ಲರದ್ದೂ ಅವಸರವೇ. ಸಾಲಿನಲ್ಲಿ ನಿಲ್ಲಮ್ಮ."

ಅಳಿಲಮ್ಮ ನಿಂತಳು. ಮುಂದೆ ಇಬ್ಬರಿದ್ದರು. ಮೊದಲನೆಯವಳು ಹೊಳೆದಂಡೆಯ ಹೆಬ್ಬಾವಿನ ಸುದ್ದಿ ಹೇಳಿದಳು. ಎರಡನೆಯವಳು ಉತ್ತರ ತಡವರಿಸಿ ವಾಪಸು ಹೋದಳು. ಅಳಿಲಮ್ಮನ ಸರದಿ ಬಂತು.

"ಕಂಡವರು ಯಾರು?"

"ಕರಿಯಜ್ಜ. ಈಗ ನಾನೂ ಕಾಣ್ತಾ ಇದ್ದೀನಿ."

"ಏನು?"

"ಚಿರತೆ."

"ಎಲ್ಲಿ?"

"ಈ ಬಂಡೆಯ ಹಿಂದೆ, ಈಗಲೇ."

"ಮುಖ ಯಾವ ಕಡೆ?" ಎಂದು ಸಂಕಪ್ಪ ರೂಢಿಯಂತೆ ಕೇಳಿದ. ಉತ್ತರ ಕೊಡಲು ಅಳಿಲಮ್ಮ ಅಲ್ಲಿರಲಿಲ್ಲ, ಆಗಲೇ ಮರ ಹತ್ತಿದ್ದಳು.

ಬಂಡೆಯಿಂದ ಒಂದು ಊಳು ಬಂತು, ಅದೂ ಅರ್ಧ. ಚಿರತೆಯ ಸುದ್ದಿ ಹೊತ್ತಿಗೆ ಸರಿಯಾಗಿ ಆ ಬಂಡೆಯಿಂದ ಹೊರಟದ್ದು ಅದೊಂದೇ ಸಲ.

ಸಂಜೆ ಪ್ರಾಣಿಗಳು ಮಡುವಿನ ದಡದಲ್ಲಿ ಸೇರಿದವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೊಲ, ನವಿಲಿನ ಹೆಂಡತಿ, ಕಡವೆಯ ಕರು, ಮೂವರೂ ಹೋದದ್ದು ತಮ್ಮೆಲ್ಲರ ಒಪ್ಪಿಗೆಯಿಂದಲೇ ಎಂದು ಎಲ್ಲರಿಗೂ ಗೊತ್ತಿತ್ತು. ನವಿಲು ಮಾತ್ರ ಗರಿ ಸರಿಮಾಡಿಕೊಂಡಿತು.

"ಏರ್ಪಾಡು ಒಳ್ಳೆಯದೇ ಇತ್ತು, ಆಳು ಕೆಟ್ಟವನಾಗಿದ್ದ ಅಷ್ಟೇ. ಬಂಡೆ ಈಗ ಖಾಲಿ ಇದೆ. ಬೇಕಾದರೆ ನಾನು ಕೂರ್ತೀನಿ."

ಗೌರಕ್ಕ ಮರಿಗೆ ಹಾಲು ಕುಡಿಸುತ್ತಾ ನಿಂತಿದ್ದಳು. ಅವಳು ತಲೆ ಕೂಡ ತಿರುಗಿಸಲಿಲ್ಲ.

"ಕೂತು ನೋಡು" ಎಂದಳು. "ಚಿರತೆ ಬರೋವರೆಗೆ ಕಾಯೋದಿಲ್ಲ, ನಾನೇ ಒದೀತೀನಿ."

ನೀತಿ: ಎಲ್ಲರ ಜೀವಕ್ಕೆ ಬೇಕಾದ ಸುದ್ದಿ ಹತ್ತು ದಾರಿಯಲ್ಲಿ ಹರಿಯಬೇಕು, ಅಚ್ಚುಕಟ್ಟಿನ ಆಸೆಗೆ ಅದನ್ನು ಒಬ್ಬನ ಕೈಗೆ ಕೊಟ್ಟರೆ, ಅವನ ಮೋಸಕ್ಕೆ ಎಲ್ಲರೂ ಬಲಿಯಾಗುತ್ತಾರೆ.