ಕೆಂಪಿ ನಡೆಸಿದ ಕುದುರೆ

ಒಂದಾನೊಂದು ಊರಿತ್ತಂತೆ. ಯಾವೂರು ಅಂತ ಕೇಳಬೇಡಿ, ನನಗೆ ಹೇಳಿದ ನಮ್ಮಜ್ಜಿಗೂ ಗೊತ್ತಿರಲಿಲ್ಲ. ಸುಮ್ಮನೆ ಹೂಂಗುಟ್ಟುತ್ತಾ ಕೂತ್ಕೊಳ್ಳಿ.

ಆ ಊರಿಗೊಬ್ಬ ರಾಜ. ರಾಜನ ಆನೆ ನೋಡ್ಕೊಳ್ಳೋ ಮಾವುತ ಜಡಿಯಪ್ಪ. ಅವನಿಗೊಬ್ಬಳು ತಾಯಿಲ್ಲದ ಮಗಳು ಕೆಂಪಿ, ಇನ್ನೂ ಹಾಲುಹಲ್ಲು ಬೀಳೋ ವಯಸ್ಸು. ಅಪ್ಪ ಮಗಳಿಬ್ಬರಿಗೂ ಚದುರಂಗದ ಹುಚ್ಚು. ಅಪ್ಪ ಆನೆ ಹಿಂದೆ ಹೋದಾಗ ಕೆಂಪಿ ಒಬ್ಬಳೇ ಆಡೋಳಂತೆ. ಈ ಕಡೆ ಕೂತು ತನ್ನ ಕಾಯಿ ನಡೆಸೋದು, ಎದ್ದು ಆ ಕಡೆ ಹೋಗಿ ಅಪ್ಪನ ಕಾಯಿ ನಡೆಸೋದು. ಅಪ್ಪನಿಗೆ ಮೋಸ ಮಾಡೋಕಾಗತ್ತಾ? ಆ ಕಡೆ ಹೋದಾಗ ಆ ಕಡೇದೇ ಯೋಚನೆ. ಹಂಗೇ ಆಡಿ ಆಡಿ, ಊರಲ್ಲಿ ಅವಳನ್ನ ಸೋಲಿಸೋರೇ ಇಲ್ಲದಂಗಾಯ್ತು.

ಹಿಂಗಿರುವಾಗ ಒಂದಿನ ಪಟ್ಟದಾನೆ ಸರಪಳಿ ಕಿತ್ಕೊಂಡು ಕಾಡು ಸೇರಿತು. ರಾಜನಿಗೆ ಕೆಂಡದಂಥ ಕೋಪ. "ಈ ಮಾವುತನ್ನ ದಂಡಿನ ಜೊತೆ ಯುದ್ಧಕ್ಕೆ ಅಟ್ಟಿ" ಅಂದ. ಆ ಯುದ್ಧಕ್ಕೆ ಹೋದೋರು ತಿರುಗಿ ಬಂದಿದ್ದನ್ನ ಯಾರೂ ಕಂಡಿಲ್ಲ. ಕೆಂಪಿ ಓಡಿಹೋಗಿ ರಾಜನ ಕಾಲು ಹಿಡಿದಳು. ಅವಳ ಆಟದ ಸುದ್ದಿ ರಾಜನ ಕಿವಿಗೂ ಬಿದ್ದಿತ್ತು.

"ನಮ್ಮ ಆಚಾರ್ರನ್ನ ಗೆದ್ದರೆ ನಿಮ್ಮಪ್ಪನ್ನ ಬಿಡ್ತೀನಿ. ಗೆಲ್ಲದಿದ್ದರೆ ಇಲ್ಲ" ಅಂದನಂತೆ.

ಆಚಾರ್ರು ಅಂದರೆ ತಿರುಮಲಾಚಾರ್ರು, ಅರಮನೆ ಆಟಗಾರರು. ತಲೆ ನರೆತರೂ ಒಂದಾಟಾನೂ ಸೋತೋರಲ್ಲ, ಅದೇ ಅವರ ಜಂಬ.

ಬೆಳಗ್ಗೆ ಹಾಸಿದ ಆಟ ಹೊತ್ತು ಇಳಿದರೂ ಮುಗೀಲಿಲ್ಲ. ಆನೆ ಹೋಯ್ತು, ಒಂಟೆ ಹೋಯ್ತು, ಮಂತ್ರಿನೂ ಹೋದ. ಕೊನೆಗೆ ಕೆಂಪಿ ಹತ್ತಿರ ರಾಜ, ಒಬ್ಬ ಕಾಲಾಳು. ಆಚಾರ್ರ ಹತ್ತಿರ ರಾಜ, ಒಂದು ಕುದುರೆ. ಕಾಲಾಳು ಇನ್ನೊಂದು ಮನೆ ದಾಟಿದರೆ ಮಂತ್ರಿ ಆಗ್ತಾನೆ, ಕೆಂಪಿ ಗೆದ್ದಂಗೇ. ಆಚಾರ್ರು ನೋಡಿದರು, ನೋಡಿದರು, ದಾರಿ ಕಾಣಲಿಲ್ಲ. ಸೋತೆ ಅಂತ ತಮ್ಮ ರಾಜನನ್ನ ಮಲಗಿಸೋಕೆ ಕೈ ಚಾಚಿದರು.

ಅಷ್ಟರಲ್ಲಿ ಕೆಂಪಿ ಎದ್ದಳು ನೋಡಿ. ಅಭ್ಯಾಸ, ಇನ್ನೇನು. ಸುತ್ತಿ ಬಂದು ಆಚಾರ್ರ ಪಕ್ಕ ನಿಂತು, ಅವರ ಕುದುರೇನ ಎತ್ತಿ ಹಿಂದಕ್ಕೆ, ಮೂಲೆಗೆ ಇಟ್ಟಳು. ಇನ್ನು ಕಾಲಾಳು ಮುಂದೆ ಹೋದರೆ ಕುದುರೆ ಬಾಯಿಗೆ. ತನ್ನ ಜಾಗಕ್ಕೆ ವಾಪಸ್ ಬಂದು ಕೂತ ಮೇಲೇ ಮಗೂಗೆ ತಾನು ಮಾಡಿದ್ದೇನು ಅಂತ ತಿಳಿದಿದ್ದು. ಮುಖ ಬಿಳುಚಿಹೋಯ್ತು.

ರಾಜ ಕೇಳಿದ, "ಆಚಾರ್ರೇ, ಅದು ನಿಮ್ಮ ನಡೆಯೋ ಅಲ್ಲವೋ? ಅಲ್ಲ ಅಂದರೆ ನೀವು ಸೋತಂಗೆ. ನಿಮ್ಮ ಬಾಯಿಂದಲೇ ಬರಲಿ."

ಅಲ್ಲ ಅನ್ನೋ ಒಂದು ಮಾತು, ಅಷ್ಟು ಸಾಕಾಗಿತ್ತು. ಆ ಮುದುಕನ ನಾಲಿಗೆ ಹೊರಳಲಿಲ್ಲ ನೋಡಿ.

"ನನ್ನದೇ ನಡೆ, ಪ್ರಭು" ಅಂದುಬಿಟ್ಟರು.

ಹಾಳಾಗಿ ಹೋಗಲಿ ಅವನ ಜಂಬ ಅಂತ ನಮ್ಮಜ್ಜಿ ಇಲ್ಲಿ ಬೈಯೋಳು, ನಾನೂ ಬೈತೀನಿ. ಕಾಲಾಳು ಬಿತ್ತು, ಆಟ ಸಮ ಆಯ್ತು, ಕೆಂಪಿ ಗೆದ್ದಂಗಾಗಲಿಲ್ಲ. ಸಂಜೆಗೆ ಜಡಿಯಪ್ಪನ್ನ ದಂಡಿನ ಜೊತೆ ಕರ್ಕೊಂಡು ಹೋದರು. ಕೆಂಪಿ ಕೋಟೆ ಬಾಗಿಲವರೆಗೂ ಹಿಂದೆ ಓಡಿದಳಂತೆ.

ಅವತ್ತಿಂದ ಆಚಾರ್ರಿಗೆ ಅನ್ನ ಗಂಟಲಲ್ಲಿ ಇಳೀಲಿಲ್ಲ. ತಡೆದರು, ತಡೆದರು, ಕೊನೆಗೊಂದಿನ ತಡೀಲಾರದೆ ರಾಜನ ಮುಂದೆ ನಿಜ ಒಪ್ಪಿಕೊಂಡರು. ರಾಜ ಸವಾರರನ್ನ ಓಡಿಸಿದ. ಅವರು ಬರಿಗೈಲಿ ಬಂದರು, ಜಡಿಯಪ್ಪ ಮೊದಲ ಕಾಳಗದಲ್ಲೇ ಹೋಗಿದ್ದ.

ಆಚಾರ್ರು ಕೆಂಪಿ ಗುಡಿಸಲಿಗೆ ಬಂದು ನೆಲದ ಮೇಲೇ ಕೂತರು. "ಗೆದ್ದಿದ್ದು ನೀನು ಮಗೂ. ನಾನು ಸುಳ್ಳು ಹೇಳಿದೆ. ನಿಮ್ಮಪ್ಪನ್ನ ತಿಂದವನು ನಾನು."

ಕೆಂಪಿ ಬೈಯಲಿಲ್ಲ. ಬೈದಿದ್ದರೆ ಆ ಜೀವಕ್ಕೆ ಎಷ್ಟೋ ಹಗುರ ಆಗ್ತಿತ್ತು.

"ಆ ಕಡೆ ಬಂದಾಗ ನನಗೆ ಅಲ್ಲಿ ನಮ್ಮಪ್ಪನೇ ಕೂತಂಗಿತ್ತು ಸ್ವಾಮಿ" ಅಂದಳು. "ಅಪ್ಪ ಸೋಲಬಾರದು ಅಂತ ನಡೆಸಿಬಿಟ್ಟೆ."

ಆಚಾರ್ರು ಮುಖ ಮುಚ್ಕೊಂಡು ಗೊಳೋ ಅಂತ ಅತ್ತರಂತೆ. ಆಮೇಲೆ ಅರಮನೆ ಬಿಟ್ಟು, ಆ ಮಗೂನ ಮೊಮ್ಮಗಳಂಗೆ ಸಾಕಿದರು. ಸಾಕಿದರೇನು ಬಂತು, ಹೋದವನು ಬಂದನಾ?

ಅವರ ಸಂಕಟ ಅವರ ಊರಲ್ಲೇ ಇರಲಿ, ಕೇಳಿದ ನಿಮ್ಮ ಹೊಟ್ಟೆ ತಣ್ಣಗಿರಲಿ. ಏಳಿ, ಊಟಕ್ಕೆ ಹೊತ್ತಾಯ್ತು.